ಕೊನೆಯ ತೂಬಿನ ಗದ್ದೆ ಮತ್ತು ಸರಾಸರಿ

ಬಳಗಾನೂರಿನ ಪರಿಚಿತ ಕುಟುಂಬದ ಯುವತಿಯೊಬ್ಬಳು ಕಳೆದ ಬೇಸಿಗೆಯಲ್ಲಿ ಪ್ರಶ್ನಾವಳಿಗಳ ಎರಡು ಕಟ್ಟು ಹೊತ್ತು ನಮ್ಮ ಮನೆಗೆ ಬಂದಳು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಮತ್ತು ಭತ್ತದ ಇಳುವರಿ ಆಕೆಯ ಸಂಶೋಧನೆಯ ವಿಷಯ. ‘ಡೇಟಾ ಎಲ್ಲಾ ಆಗೇದರಿ ಸರ್, ಇದಕ್ಕ ಯಾವ ಟೆಸ್ಟ್ ಹಚ್ಚಬೇಕು ಹೇಳ್ರಿ’ ಎಂದಳು. ಸಂಖ್ಯಾಶಾಸ್ತ್ರ ಕಲಿಸುತ್ತಲೇ ನಿವೃತ್ತನಾದ ನನಗೆ ಇದು ಅತ್ಯಂತ ಪರಿಚಿತ ಪ್ರಶ್ನೆ. ಅತ್ಯಂತ ತಡವಾಗಿ ಬರುವ ಪ್ರಶ್ನೆಯೂ ಹೌದು.

ಹೊಲಗಳನ್ನು ಹೇಗೆ ಆರಿಸಿದೆ ಎಂದು ಕೇಳಿದೆ. ಬಸ್ಸಿಳಿದು ನಡೆದು ಹೋಗುವಷ್ಟು ದೂರದವು, ಗುರುತಿನವರವು ಎಂದಳು. ನಕ್ಷೆ ಹರಡಿ ನೋಡಿದರೆ ಬಹುಪಾಲು ಹೊಲಗಳು ಉಪಕಾಲುವೆಯ ಮೇಲ್ಭಾಗದಲ್ಲೇ, ನೀರು ಮೊದಲು ತಲುಪುವಲ್ಲಿಯೇ ಇದ್ದವು. ನೀರಿಗಾಗಿ ರಾತ್ರಿಯಿಡೀ ಕಾಯುವ ಕೊನೆಯ ಭಾಗದ ರೈತ ಆ ಕಟ್ಟಿನಲ್ಲಿ ಇರಲೇ ಇಲ್ಲ. ಇಲ್ಲದವನನ್ನು ಯಾವ ಟೆಸ್ಟ್ ತಾನೇ ಕರೆತಂದೀತು? ಪ್ರಯೋಗ ಮುಗಿದ ಮೇಲೆ ಸಂಖ್ಯಾಶಾಸ್ತ್ರಜ್ಞನ ಬಳಿ ಹೋಗುವುದು ಶವಪರೀಕ್ಷೆ ಮಾಡಿಸಿದಂತೆ ಎಂಬರ್ಥದ ಮಾತನ್ನು ಆರ್.ಎ. ಫಿಶರ್ 1938ರಲ್ಲಿ, ನಮ್ಮದೇ ದೇಶದ ಸಂಖ್ಯಾಶಾಸ್ತ್ರ ಸಮ್ಮೇಳನದ ಅಧ್ಯಕ್ಷ ಭಾಷಣದಲ್ಲಿ ಆಡಿದ್ದರು.

ತಪ್ಪು ಆಕೆಯೊಬ್ಬಳದೇ ಅಲ್ಲ. ನಾವು ಸೂತ್ರ ಕಲಿಸಿದೆವು, ಈಗ ತಂತ್ರಾಂಶದ ಗುಂಡಿ ತೋರಿಸುತ್ತಿದ್ದೇವೆ. ‘ಪಿ’ ಮೌಲ್ಯ 0.05ಕ್ಕಿಂತ ಕಡಿಮೆ ಬಂದರೆ ಪ್ರಬಂಧ ಗೆದ್ದಂತೆ. ನಿಜವಾದ ವ್ಯತ್ಯಾಸವೇ ಇಲ್ಲದಿದ್ದಾಗಲೂ ಇಷ್ಟು ಅಥವಾ ಇದಕ್ಕಿಂತ ಹೆಚ್ಚಿನ ಅಂತರ ಆಕಸ್ಮಿಕವಾಗಿ ಕಾಣುವ ಸಂಭವ ಎಷ್ಟು ಎಂಬುದನ್ನಷ್ಟೇ ಆ ಸಂಖ್ಯೆ ಹೇಳುತ್ತದೆ. ಹೊಲಗಳ ಆಯ್ಕೆ ನ್ಯಾಯವಾಗಿತ್ತೇ ಎಂಬ ಬಗ್ಗೆ ಅದು ತುಟಿ ಬಿಚ್ಚುವುದಿಲ್ಲ.

ಇದೇ ತುಂಗಭದ್ರೆಯ ಸೀಮೆಯ ಹೂವಿನ ಹಡಗಲಿಯಲ್ಲಿ 1920ರಲ್ಲಿ ಹುಟ್ಟಿದ ಸಿ.ಆರ್. ರಾವ್ ಜಗತ್ತಿನ ಶ್ರೇಷ್ಠ ಸಂಖ್ಯಾಶಾಸ್ತ್ರಜ್ಞರಲ್ಲಿ ಒಬ್ಬರಾದರು. ತರುಣ ರಾವ್ ಕೇಂಬ್ರಿಡ್ಜ್‌ಗೆ ಹೋದದ್ದು ಸೂಡಾನಿನ ಪ್ರಾಚೀನ ಸಮಾಧಿಗಳ ಅಸ್ಥಿಗಳನ್ನು ಅಳೆದು ವಿಶ್ಲೇಷಿಸಲು. ಕೈಯಲ್ಲಿ ಮೂಳೆ, ತಲೆಯಲ್ಲಿ ಗಣಿತ! ನಮ್ಮ ತರಗತಿಗಳಲ್ಲಿ ಮೊದಲನೆಯದು ಮಾಯವಾಗಿದೆ.

ಇದು ಪದವಿಯ ಪ್ರಶ್ನೆ ಮಾತ್ರವಾಗಿದ್ದರೆ ನಾನು ಸುಮ್ಮನಿರುತ್ತಿದ್ದೆ. 2016ರ ಫಸಲ್ ಬಿಮಾ ಮಾರ್ಗಸೂಚಿ ಮುಖ್ಯ ಬೆಳೆಗೆ ಗ್ರಾಮ ಪಂಚಾಯಿತಿಯೊಂದರಲ್ಲಿ ಕನಿಷ್ಠ 4 ಬೆಳೆ ಕಟಾವು ಪ್ರಯೋಗ ಸಾಕೆಂದಿತು. ಆ ನಾಲ್ಕು ತುಂಡುಗಳ ಇಳುವರಿಯ ಮೇಲೆ ಇಡೀ ಪಂಚಾಯಿತಿಯ ಪರಿಹಾರ ನಿಲ್ಲುತ್ತದೆ. ಸರ್ವೆ ನಂಬರನ್ನೂ ಹೊಲದೊಳಗಿನ ಜಾಗವನ್ನೂ ಯಾದೃಚ್ಛಿಕವಾಗಿ ಆರಿಸಬೇಕೆಂಬ ನಿಯಮ ಇರುವುದು ಇದಕ್ಕಾಗಿಯೇ. ಬಿಸಿಲಿಗೆ ಬೇಸತ್ತು ರಸ್ತೆ ಬದಿಯ ಹುಲುಸಾದ ಗದ್ದೆಗೆ ಇಳಿದರೆ, ಒಣಗಿದ ಗದ್ದೆಯವನ ಪಾಲಿಗೆ ಪಂಚಾಯಿತಿಯ ಸರಾಸರಿ ಸಮೃದ್ಧವಾಗಿಬಿಡುತ್ತದೆ, ಅವನ ಖಾತೆ ಖಾಲಿ ಉಳಿಯುತ್ತದೆ.

ಆಕೆಗೆ ಒಂದು ಹಂಗಾಮು ಹೆಚ್ಚು ಬೇಕಾಯಿತು. ಮನೆಯವರಿಗೆ ಬೇಸರ, ಮಾರ್ಗದರ್ಶಕರಿಗೂ ಅಷ್ಟೇ. ಮೇಲ್ಭಾಗ, ನಡುಭಾಗ, ಕೊನೆಭಾಗ ಎಂದು ಪಟ್ಟಿ ವಿಂಗಡಿಸಿ, ಪ್ರತಿ ಭಾಗದಿಂದ ಚೀಟಿ ಎತ್ತಿದಂತೆ ಹೊಲ ಆರಿಸಿಕೊಂಡಿದ್ದಾಳೆ. ಮೊನ್ನೆ ಫೋನ್ ಮಾಡಿದ್ದಳು. ಕೊನೆಯ ತೂಬಿನಾಚೆಯ ಮೊದಲ ಹೊಲದಲ್ಲಿ ಈ ಸಲ ಭತ್ತವನ್ನೇ ಹಾಕಿಲ್ಲವಂತೆ. ‘ಅದನ್ನ ಬಿಟ್ಟು ಬಿಡ್ಲೇನ್ರಿ ಸರ್?’ ಎಂದು ಕೇಳಿದಳು. ಬಿಡಬೇಡ, ಯಾಕೆ ಹಾಕಲಿಲ್ಲ ಎಂದು ಬರೆದುಕೋ ಎಂದೆ.