ನುಂಗುವ ನೋವನ್ನು ನುಂಗಿಕೊಳ್ಳಬೇಡಿ

ರಮಝಾನ್‌ನಲ್ಲಿ ಎದೆಯುರಿ, ಹುಳಿತೇಗು ಕಾಣಿಸಿಕೊಂಡರೆ ಕೆಲವರು ಉಪವಾಸವನ್ನು ದೂರುತ್ತಾರೆ. ಆದರೆ ಅನೇಕ ವೇಳೆ ತಪ್ಪು ಉಪವಾಸದ್ದಲ್ಲ, ಇಫ್ತಾರ್‌ನ ಬಳಿಕ ನಾವು ಉಣ್ಣುವ ರೀತಿಯದು.

ಅನ್ನನಾಳವು ಜಠರವನ್ನು ಸೇರುವಲ್ಲಿ ಬಳೆಯಂತಹ ಸ್ನಾಯುವೊಂದಿದೆ. ಆಹಾರವನ್ನು ಕೆಳಗಿಳಿಸಿ ಮತ್ತೆ ಮುಚ್ಚಿಕೊಳ್ಳುವುದು ಅದರ ಕೆಲಸ. ಹೊಟ್ಟೆ ಬಿರಿಯುವಂತೆ ಉಂಡಾಗ, ಕರಿದ ತಿಂಡಿಗಳು ಮಿತಿಮೀರಿದಾಗ, ಉಂಡೊಡನೆ ಮಲಗಿದಾಗ ಜಠರದ ಆಮ್ಲವು ಮೇಲಕ್ಕೆ ನುಗ್ಗುತ್ತದೆ. ಜಠರಕ್ಕೆ ಅದನ್ನು ತಾಳುವ ಒಳಪದರವಿದೆ. ಅನ್ನನಾಳಕ್ಕೆ ಅಂತಹ ರಕ್ಷಣೆಯಿಲ್ಲ. ಹೊಟ್ಟೆಯ ಮೂರನೇ ಒಂದು ಭಾಗ ಆಹಾರಕ್ಕೆ, ಒಂದು ಭಾಗ ನೀರಿಗೆ, ಇನ್ನೊಂದು ಭಾಗ ಉಸಿರಿಗೆ ಎಂಬ ಪ್ರವಾದಿವರ್ಯರ(ಸ) ಬೋಧನೆಯನ್ನು ನಾವು ಭಾಷಣಗಳಲ್ಲಿ ಕೇಳುತ್ತೇವೆ, ದಸ್ತರ್‌ಖಾನ್‌ನ ಮುಂದೆ ಮರೆಯುತ್ತೇವೆ.

ಪರಿಹಾರದ ಮೊದಲ ಹೆಜ್ಜೆಗಳು ಸರಳವಾಗಿವೆ. ಇಫ್ತಾರ್‌ನಲ್ಲಿ ಸ್ವಲ್ಪವೇ ಸೇವಿಸಿ, ಉಳಿದುದನ್ನು ನಮಾಝ್‌ನ ಬಳಿಕ ನಿಧಾನವಾಗಿ ಉಣ್ಣಬೇಕು. ಊಟಕ್ಕೂ ನಿದ್ರೆಗೂ ಎರಡು ಮೂರು ಗಂಟೆಗಳ ಅಂತರವಿರಲಿ. ಸಹರಿಯೂ ಹಗುರವಾಗಿರಲಿ, ಫಜ್ರ್‌ನ ನಂತರ ಕೂಡಲೇ ಮಲಗದೆ ಕುಳಿತು ಕುರ್‌ಆನ್ ಪಠಿಸಬಹುದು. ಮಂಚದ ತಲೆಯ ಭಾಗವನ್ನು ಸುಮಾರು 15 ಸೆಂಟಿಮೀಟರ್ ಎತ್ತರಿಸುವುದು, ಎಡ ಮಗ್ಗುಲಲ್ಲಿ ಮಲಗುವುದು ಸಹ ಉಪಯುಕ್ತ. ಬೀಡಿ, ಸಿಗರೇಟುಗಳನ್ನು ತ್ಯಜಿಸಲೇಬೇಕು.

ಆದರೆ ನುಂಗುವಾಗ ನೋವಾಗುವುದು ಬೇರೆಯೇ ಮಾತು. ಅದನ್ನು "ಗ್ಯಾಸ್" ಎಂದು ತಳ್ಳಿಹಾಕಬಾರದು. ಆಮ್ಲದಿಂದ ಅನ್ನನಾಳದಲ್ಲಿ ಹುಣ್ಣಾಗಿರಬಹುದು, ಸೋಂಕು ತಗಲಿರಬಹುದು. ಸಹರಿಯ ಅವಸರದಲ್ಲಿ ಒಂದು ಗುಟುಕು ನೀರಿನೊಂದಿಗೆ ಮಾತ್ರೆ ನುಂಗಿ ಮಲಗುವವರಲ್ಲಿ ಅದು ಅಲ್ಲಿಯೇ ಅಂಟಿಕೊಂಡು ಸುಡುವುದೂ ಉಂಟು. ನೋವು ನಿವಾರಕಗಳು ಮತ್ತು ಡಾಕ್ಸಿಸೈಕ್ಲಿನ್‌ನಂತಹ ಮಾತ್ರೆಗಳನ್ನು ಲೋಟ ತುಂಬ ನೀರಿನೊಂದಿಗೆ ಸೇವಿಸಿ, ಅರ್ಧ ಗಂಟೆಯಾದರೂ ನೆಟ್ಟಗೆ ಕುಳಿತಿರಬೇಕು. ನುಂಗುವಾಗ ನೋವು, ಅನ್ನ ಸಿಕ್ಕಿಕೊಂಡಂತಾಗುವುದು, ಕಾರಣವಿಲ್ಲದೆ ತೂಕ ಇಳಿಯುವುದು ಕಂಡುಬಂದರೆ ವೈದ್ಯರನ್ನು ಕಾಣಲು ತಡಮಾಡಬಾರದು. ರಕ್ತವಾಂತಿ ಅಥವಾ ಕಪ್ಪು ಮಲವಿದ್ದರೆ, ಎದೆನೋವಿನೊಂದಿಗೆ ಬೆವರು, ಉಸಿರಾಟದ ತೊಂದರೆಯಿದ್ದರೆ ಆ ಕ್ಷಣವೇ ಆಸ್ಪತ್ರೆಗೆ ಹೋಗಬೇಕು.

ನಮ್ಮ ಮನೆಗಳ ತಾಯಂದಿರು, ಹಿರಿಯರು ಇಂತಹ ನೋವನ್ನು ತಿಂಗಳುಗಟ್ಟಲೆ ಮರೆಮಾಚಿ, ಅದನ್ನು ಸಬ್ರ್ ಎಂದು ತಿಳಿಯುತ್ತಾರೆ. ಚಿಕಿತ್ಸೆಯನ್ನು ನಿರಾಕರಿಸುವುದು ಸಬ್ರ್ ಅಲ್ಲ. ರೋಗಿಗೆ ಉಪವಾಸವನ್ನು ಬೇರೆ ದಿನಗಳಲ್ಲಿ ಪೂರೈಸುವ ವಿನಾಯಿತಿಯನ್ನು ಸ್ವತಃ ಕುರ್‌ಆನ್ ನೀಡಿರುವಾಗ, ಅದನ್ನು ಸ್ವೀಕರಿಸಲು ಸಂಕೋಚವೇಕೆ? ಶರೀರವು ಅಲ್ಲಾಹನು ನಮಗೊಪ್ಪಿಸಿದ ಅಮಾನತು. ಅದರ ರಕ್ಷಣೆಯೂ ನಮ್ಮ ಹೊಣೆಯೇ ಆಗಿದೆ.