‘ಪಾಕ್‌ತೋ’: ಬೀದಿಯ ಇಂಗ್ಲಿಷಿನಲ್ಲಿ ಉಳಿದ ಕ್ಯಾಂಟನೀಸ್ ಒಲವು

ಸಿಂಗಪುರದ ಆಡುಮಾತಿನ ಇಂಗ್ಲಿಷಿನಲ್ಲಿ ಪ್ರೇಮಿಗಳು ಜೊತೆಯಾಗಿ ಸುತ್ತಾಡುವುದಕ್ಕೆ ‘ಪಾಕ್‌ತೋ’ ಎಂಬ ಮಾತಿದೆ. ದಕ್ಷಿಣ ಚೀನಾದ ಗ್ವಾಂಗ್‌ಡಾಂಗ್ ಪ್ರಾಂತ ಮತ್ತು ಹಾಂಗ್‌ಕಾಂಗ್‌ಗಳ ಕ್ಯಾಂಟನೀಸ್ ಭಾಷೆಯಿಂದ ಬಂದ ಪದವಿದು. ಶಾಲೆಯ ಇಂಗ್ಲಿಷನ್ನೇ ಪ್ರಮಾಣವೆಂದು ಬಗೆಯುವವರಿಗೆ ಇದು ಅಪಶಬ್ದ. ‘ಡೇಟಿಂಗ್’ ಎಂಬ ಸಿದ್ಧಪದವಿರುವಾಗ ಇದೇಕೆ ಎಂದು ಅವರು ಕೇಳುತ್ತಾರೆ. ಆದರೆ ಆ ಸಿದ್ಧಪದದ ಕುಲವೇನು?

‘ಡೇಟ್’ ಎಂಬುದರ ಮೂಲ, ‘ಕೊಡಲ್ಪಟ್ಟದ್ದು’ ಎಂಬ ಅರ್ಥದ ಲ್ಯಾಟಿನ್ ‘ದಾತಾ’. ಪತ್ರವನ್ನು ಎಲ್ಲಿ, ಯಾವ ದಿನ ಕೊಡಲಾಯಿತೆಂದು ನಮೂದಿಸುವ ರೂಢಿಯಿಂದ ಅದು ದಿನಾಂಕವಾಯಿತು, ಗೊತ್ತುಪಡಿಸಿದ ಭೇಟಿಯಾಯಿತು. ಪ್ರಣಯದ ಅರ್ಥ ಅದಕ್ಕೆ ಅಂಟಿದ್ದು 19ನೇ ಶತಮಾನದ ಕೊನೆಯಲ್ಲಿ, ಅಮೆರಿಕದ ಬೀದಿಮಾತಿನಲ್ಲಿ. ಇಂದು ಶಿಷ್ಟವೆಂದು ಮುಂದೊಡ್ಡಲಾಗುವ ಪದವೂ ಅಂದು ಗ್ರಾಮ್ಯವೇ ಆಗಿತ್ತು.

‘ಪಾಕ್‌ತೋ’ ಪಂಚಾಂಗ ನೋಡುವ ಪದವಲ್ಲ. ಅದರ ‘ತೋ’ ಎಂಬುದಕ್ಕೆ ಎಳೆ, ಜೊತೆಗೆ ಕರೆದೊಯ್ಯು ಎಂಬ ಅರ್ಥಗಳಿವೆ. ಕ್ಯಾಂಟನೀಸಿನಲ್ಲಿ ಕೈಹಿಡಿದು ನಡೆಯುವುದಕ್ಕೂ ಇದೇ ಧಾತು. ಪರ್ಲ್ ನದಿಯಲ್ಲಿ ಒಂದು ದೋಣಿ ಇನ್ನೊಂದನ್ನು ಪಕ್ಕಕ್ಕೆ ಕಟ್ಟಿಕೊಂಡು ಎಳೆಯುತ್ತಿದ್ದ ರೂಢಿಯಿಂದ ಈ ಮಾತು ಹುಟ್ಟಿತೆಂಬ ವಿವರಣೆ ಪ್ರಚಲಿತವಾಗಿದೆ. ಒಂದು ಪದ ಭೇಟಿಯ ದಿನವನ್ನು ಗುರುತಿಸಿದರೆ ಇನ್ನೊಂದು ಜೊತೆನಡಿಗೆಯನ್ನು ಹೇಳುತ್ತದೆ. ಇವೆರಡನ್ನು ಪರ್ಯಾಯಗಳೆನ್ನುವುದು ಅವಸರದ ತೀರ್ಮಾನ.

ರೂಪದಲ್ಲಿಯೂ ಪದ ಬದಲಾಗಿದೆ. ರೋಮನ್ ಲಿಪಿಯಲ್ಲಿ ಅದರ ಕೊನೆಗೆ ಬರೆಯುವ ರಕಾರ ಉಚ್ಚಾರಕ್ಕಲ್ಲ, ಸ್ವರದ ದೀರ್ಘವನ್ನು ಸೂಚಿಸಲು ಮಾತ್ರ. ಕ್ಯಾಂಟನೀಸಿನ ಸ್ವರದ ಏರಿಳಿತಗಳಿಗಂತೂ ಆ ಬರಹದಲ್ಲಿ ಗುರುತೇ ಇಲ್ಲ. ಶಬ್ದಮಣಿದರ್ಪಣದ ಅಪಭ್ರಂಶ ಪ್ರಕರಣದಲ್ಲಿ ಕೇಶಿರಾಜನು ತದ್ಭವಗಳನ್ನು ದೋಷವೆಂದು ತಳ್ಳದೆ ಅವುಗಳ ವಿಕಾರಕ್ಕೂ ಕ್ರಮವುಂಟೆಂದು ತೋರಿಸಿದನು. ಅದನ್ನು ಓದಿದ ಕನ್ನಡ ವಿದ್ಯಾರ್ಥಿಗೆ ಇಂತಹ ರೂಪ ಅಚ್ಚರಿ ತರಬೇಕಿಲ್ಲ.

ಆದರೆ ಇಲ್ಲಿ ವ್ಯಾಕರಣಕ್ಕಿಂತ ದೊಡ್ಡ ಸಂಗತಿಯೊಂದಿದೆ. 1979ರಲ್ಲಿ ಸಿಂಗಪುರ ಸರ್ಕಾರ ‘ಮ್ಯಾಂಡರಿನ್ ಮಾತನಾಡಿ’ ಆಂದೋಲನವನ್ನು ಆರಂಭಿಸಿತು. ಹೊಕ್ಕಿಯೆನ್, ಟಿಯೋಚ್ಯೂ, ಕ್ಯಾಂಟನೀಸ್‌ಗಳು ‘ಉಪಭಾಷೆ’ಗಳೆನಿಸಿ ಬಾನುಲಿ, ದೂರದರ್ಶನಗಳಿಂದ ಹಿಂದೆ ಸರಿದವು, ಹಾಂಗ್‌ಕಾಂಗಿನ ಧಾರಾವಾಹಿಗಳೂ ಮ್ಯಾಂಡರಿನ್ ಧ್ವನಿಯಲ್ಲಿ ಮನೆಗಳಿಗೆ ಬಂದವು. ಅಜ್ಜಿಯ ಭಾಷೆ ಮೊಮ್ಮಗಳಿಗೆ ದಕ್ಕದಂತಾಯಿತು. 2000ದಲ್ಲಿ ಆರಂಭವಾದ ‘ಒಳ್ಳೆಯ ಇಂಗ್ಲಿಷ್ ಮಾತನಾಡಿ’ ಆಂದೋಲನವು ಬೀದಿಯ ಇಂಗ್ಲಿಷಿನ ಮೇಲೂ ಕಣ್ಣಿಟ್ಟಿತು. ಎರಡು ಬಾಗಿಲುಗಳಿಂದಲೂ ಹೊರದೂಡಲ್ಪಟ್ಟ ಪದ ಪ್ರೇಮಿಗಳ ನಾಲಿಗೆಯ ಮೇಲೆ ಉಳಿಯಿತು. 2013ರಲ್ಲಿ ಅಲ್ಲಿಯೇ ಆರಂಭವಾದ ಜೋಡಿ ಹುಡುಕುವ ಆ್ಯಪ್ ಒಂದಕ್ಕೆ ‘ಪಾಕ್‌ತೋ’ ಎಂದೇ ಹೆಸರಿಟ್ಟರು.

ಮಲೇಶಿಯದ ಕೌಲಾಲಂಪುರ, ಇಪೋಗಳ ಸ್ಥಿತಿ ಬೇರೆ. ಅಲ್ಲಿ ಅಂಗಡಿಬೀದಿಯಲ್ಲಿ ಕ್ಯಾಂಟನೀಸ್ ಇನ್ನೂ ಜೀವಂತ. ಚೆಲುವೆಗೆ ‘ಲೆಂಗ್ ಲುಯ್’, ಚೆಲುವನಿಗೆ ‘ಲೆಂಗ್ ಚಾಯ್’, ಲಂಪಟನಿಗೆ ಉಪ್ಪು-ಒದ್ದೆ ಎಂಬ ವಿಚಿತ್ರ ಪದಾರ್ಥದ ‘ಹಮ್ ಸಪ್’: ಇವೆಲ್ಲ ನಿತ್ಯದ ಕೊಳುಕೊಡುಗೆ. ಸಿಂಗಪುರದಲ್ಲಿ ಸಾಲ ಕೊಟ್ಟ ಭಾಷೆಯೇ ಮನೆ ಬಿಡುತ್ತಿದೆ. ಎರಡನ್ನೂ ‘ಕ್ಯಾಂಟನೀಸ್ ಎರವಲು’ ಎಂಬ ಒಂದೇ ಶೀರ್ಷಿಕೆಯಡಿ ಪಟ್ಟಿಮಾಡುವ ಸಂಶೋಧನೆ ಈ ಅಂತರವನ್ನು ಮರೆಮಾಚುತ್ತದೆ.

ನಿಘಂಟುಗಳ ಆಯ್ಕೆಯೂ ಗಮನಾರ್ಹ. 2016ರಲ್ಲಿ ಆಕ್ಸ್‌ಫರ್ಡ್ ನಿಘಂಟು ಹಾಂಗ್‌ಕಾಂಗ್ ಇಂಗ್ಲಿಷಿನ ಕೆಲವು ಪದಗಳನ್ನು ಸೇರಿಸಿಕೊಂಡಾಗ ಅವುಗಳಲ್ಲಿ ‘ಕಾಂಪೆನ್ಸೇಟೆಡ್ ಡೇಟಿಂಗ್’ ಇತ್ತು. ಹಣಕ್ಕೋ ಉಡುಗೊರೆಗೋ ಜೊತೆ ನೀಡುವುದೆಂಬ ಅರ್ಥದ ಇದು ಜಪಾನಿನ ‘ಎಂಜೊ ಕೋಸಾಯ್’ನಿಂದ ಬಂದದ್ದು. ಪತ್ರಿಕಾ ವರದಿಗಳಲ್ಲಿ ಅಚ್ಚಾಗುವ ಇಂತಹ ಪದಕ್ಕೆ ಲಿಖಿತ ಸಾಕ್ಷ್ಯ ಸುಲಭವಾಗಿ ದೊರೆಯುತ್ತದೆ. ಒಲವಿನ ಮಾತು ಅಚ್ಚಿಗೆ ಬರುವುದು ಅಪರೂಪ; ಅದನ್ನು ಬಲ್ಲ ಹಿರಿಯರು ಇರುವಾಗಲೇ ಅವರ ಬಾಯಿಂದ ಬರೆದುಕೊಳ್ಳಬೇಕು.