ಕೊಡ ಬದಲಾಯಿಸಿದರೆ ನಲ್ಲಿ ಬರುವುದೇ?

“ನಿಮಗೆ ಇದೆಲ್ಲ ತಿಳಿಯೋಲ್ಲ ಬಿಡಿ ಟೀಚರ್, ಯಜಮಾನರನ್ನೇ ಕಳಿಸಿ.” ಗ್ಯಾರೇಜಿನಲ್ಲಿ ಈ ಮಾತು ಕೇಳಿ ಕೇಳಿ ನನ್ನ ಕಿವಿ ತೂತಾಗಿದೆ. ಯಜಮಾನರು ಸೊಂಟನೋವಿನಿಂದ ಹಾಸಿಗೆ ಹಿಡಿದ ಮೇಲೆ, ತೋಟದ ತೆಂಗಿನಕಾಯಿ ಸಾಗಿಸುವ ನಮ್ಮ ಹಳೆಯ ಪಿಕಪ್ ಗಾಡಿಯ ಹೊಣೆ ನನ್ನ ತಲೆಗೇ ಬಂತು. ಬೆಳಗಾದರೆ ಸ್ಟಾರ್ಟ್ ಆಗದು. ಬ್ಯಾಟರಿ ಹೋಗಿದೆ ಎಂದರು, ಹೊಸದು ಹಾಕಿಸಿದೆ. ನಾಲ್ಕೇ ತಿಂಗಳಿಗೆ ಅದೂ ಮಲಗಿತು. ಇನ್ನೊಂದು ಹಾಕಿಸಿ ಎಂದರು!

ಕೊಡದಲ್ಲಿ ನೀರಿಲ್ಲವೆಂದರೆ ನಾವು ಕೊಡ ಬದಲಾಯಿಸುತ್ತೇವೆಯೇ? ಮೊದಲು ನಲ್ಲಿ ನೋಡುತ್ತೇವೆ. ಬ್ಯಾಟರಿ ಬರೀ ಕೊಡ. ತುಂಬಿಸುವುದು ಆಲ್ಟರ್ನೇಟರ್, ಅದನ್ನು ತಿರುಗಿಸುವುದು ಬೆಲ್ಟ್.

ನಾನು ಬಿ.ಎ. ಓದಿ ಸಮಾಜ ಪಾಠ ಹೇಳುವವಳು. ನಮ್ಮ ವಿಜ್ಞಾನದ ಮೇಡಂ ಹತ್ತಿರ ಮಲ್ಟಿಮೀಟರ್ ಕೇಳಿ ತಂದೆ. ಎಂಜಿನ್ ನಿಂತು ಕೆಲವು ಗಂಟೆಯಾದ ಮೇಲೆ ತುಂಬಿದ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಬೇಕು. ಎಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.5. ಏರದಿದ್ದರೆ ಚಾರ್ಜ್ ಆಗುತ್ತಿಲ್ಲ. 15 ದಾಟಿದರೆ ರೆಗ್ಯುಲೇಟರ್ ಕೆಟ್ಟಿರಬಹುದು, ಬ್ಯಾಟರಿ ಬೇಯುತ್ತದೆ. ನಮ್ಮ ಗಾಡಿಯಲ್ಲಿ ಎಂಜಿನ್ ಓಡುವಾಗಲೂ 12.1 ಮಾತ್ರ. ಬೆಲ್ಟ್ ಬಿಗಿಯಾಗಿಯೇ ಇತ್ತು. ಆಲ್ಟರ್ನೇಟರಿನ ಹಿಂಬದಿಯಲ್ಲಿ ಅಳೆದರೆ 14.2! ನಲ್ಲಿ ಸರಿಯಾಗಿದೆ, ನಡುವಿನ ಕೊಳವೆ ಕಟ್ಟಿದೆ ಎಂದಂತಾಯಿತು. ಬ್ಯಾಟರಿಗೆ ಹೋಗುವ ದಪ್ಪ ವೈರಿನ ಜೋಡಣೆಯಲ್ಲಿ ಹಸಿರು ಕಿಲುಬು ಕಟ್ಟಿತ್ತು. ಎಂಜಿನ್ ನಿಲ್ಲಿಸಿ, ಬ್ಯಾಟರಿಯ ನೆಗೆಟಿವ್ ವೈರ್ ಕಳಚಿಟ್ಟು, ಉಪ್ಪುಕಾಗದದಲ್ಲಿ ಉಜ್ಜಿ ಬಿಗಿ ಮಾಡಿಸಿದೆ. ಬ್ಯಾಟರಿಯಲ್ಲೂ 14.1 ಬಂತು.

ಮೊದಲ ಬ್ಯಾಟರಿ ನಿಜಕ್ಕೂ ಕೆಟ್ಟಿತ್ತೇ? ಅದನ್ನು ಅಂಗಡಿಯಲ್ಲೇ ಬಿಟ್ಟು ಬಂದವಳು ಈಗ ಯಾರನ್ನು ಕೇಳಲಿ?

ಎಲ್ಲ ಮೆಕ್ಯಾನಿಕರೂ ಮೋಸಗಾರರೆಂದು ನಾನು ಹೇಳುತ್ತಿಲ್ಲ. ಅಳೆಯದೆ ಹೇಳುವುದು ಅವರ ರೂಢಿಯಾಗಿದೆ, ಕೇಳದೆ ಕೊಡುವುದು ನಮ್ಮ ರೂಢಿಯಾಗಿದೆ. ತರಕಾರಿಯವನ ತಕ್ಕಡಿಯ ಮುಳ್ಳಿನ ಮೇಲೆ ಕಣ್ಣಿಡುವ ನಾವು, ಸಾವಿರಾರು ರೂಪಾಯಿಯ ಮಾತು ಬಂದಾಗ ಗಂಡಸರ ಕಡೆ ನೋಡಿ ಸುಮ್ಮನಾಗುತ್ತೇವಲ್ಲ, ಇದು ಯಾವ ನ್ಯಾಯ? ರಿಪೇರಿ ಕಲಿಯಬೇಕಾಗಿಲ್ಲ. ದುಡ್ಡು ಬಿಚ್ಚುವ ಮುಂಚೆ “ಅಳೆದು ತೋರಿಸಪ್ಪಾ” ಎನ್ನಲು ಕಲಿತರೆ ಸಾಕು.

ಮೊನ್ನೆ ಅದೇ ಗ್ಯಾರೇಜಿಗೆ ಆಯಿಲ್ ಬದಲಿಸಲು ಹೋಗಿದ್ದೆ. “ಯಜಮಾನರು ಬರಲಿಲ್ಲವೇ?” ಎಂದು ಯಾರೂ ಕೇಳಲಿಲ್ಲ.